ಅರ್ಧ ದಿನದ ನೌಕರಿಗೆ ಅಭಿನಂದನೆ, ತಂಗಿ

ನೇಮಕದ ಆದೇಶ ಕೈಗೆ ಬಂತಂತೆ. ಅದೇ ಊರಿನವಳಾಗಿರಬೇಕು, ಹನ್ನೆರಡನೆಯದು ಪಾಸಾಗಿರಬೇಕು, ಮಕ್ಕಳು ಎರಡಕ್ಕಿಂತ ಹೆಚ್ಚಿರಬಾರದು ಎಂಬ ಮೂರೂ ಗಂಡಾಂತರ ದಾಟಿ ನೀನೀಗ ಮಹಾರಾಷ್ಟ್ರದ ಗಡಿಯ ಅಕ್ಕಲಕೋಟ ತಾಲೂಕಿನ ಅಂಗನವಾಡಿ ಸೇವಿಕೆ. ಸರ್ಕಾರದ ಜಾಣತನ ನೋಡು. ಮನೆಯಲ್ಲಿ ಮೂರನೆಯದೊಂದು ಹುಟ್ಟಿದ್ದರೆ ಮಕ್ಕಳನ್ನು ಸಂಭಾಳಿಸುವ ಯೋಗ್ಯತೆ ನಿನಗಿಲ್ಲ. ಎರಡೇ ಇದ್ದರೆ, ತಗೋ, ಊರಿನ ಉಳಿದವೆಲ್ಲ ನಿನ್ನವೇ.

"ಅರ್ಧ ದಿನದ ಕೆಲಸ ಐತ್ರಿ, ಮಧ್ಯಾಹ್ನಕ್ಕ ಮನಿಗೆ ಬರ್ತಾಳ" ಎಂದು ನಿನ್ನ ಅತ್ತೆ ಓಣಿಯೆಲ್ಲ ಸಾರಿಕೊಂಡು ಬಂದಿದ್ದಾರೆ. ಅವರದೇನೂ ತಪ್ಪಿಲ್ಲ. ದೊಡ್ಡ ದೊಡ್ಡ ವಕೀಲರು ಕರಿ ಕೋಟು ಹಾಕಿಕೊಂಡು ಸುಪ್ರೀಂ ಕೋರ್ಟಿನಲ್ಲಿ ಹೇಳಿದ್ದೂ ಇದನ್ನೇ. ಗುಜರಾತಿನ ಸೇವಿಕೆಯರು ಗ್ರಾಚ್ಯುಟಿ ಕೇಳಿದ ಆ ಪ್ರಕರಣದಲ್ಲಿ, 2022ರ ಏಪ್ರಿಲ್ 25ರಂದು, ನ್ಯಾಯಮೂರ್ತಿ ಅಭಯ್ ಓಕಾ ಈ ಅರೆಕಾಲಿಕದ ವಾದವನ್ನು ಒಪ್ಪಲಿಲ್ಲ, ಇದು ಪೂರ್ಣಾವಧಿ ಕೆಲಸವೇ ಎಂದರು. ಗ್ರಾಚ್ಯುಟಿಯೂ ಸಲ್ಲಬೇಕೆಂದಾಯಿತು. ಮುಂಬಯಿಯಲ್ಲಿ ನ್ಯಾಯಮೂರ್ತಿಯಾಗಿ, ಕರ್ನಾಟಕದಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿ ಬಂದವರು ಅವರು. ಗಡಿಯ ಎರಡೂ ಕಡೆಯ ನೀರು ಕುಡಿದವರಿಗೆ ಗೊತ್ತಾಗದೆ ಇರುತ್ತದೆಯೇ? ಆದರೆ ಅದೇ ಕೋರ್ಟು 2006ರಲ್ಲಿ, ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಸೇವಿಕೆಯದು ಸರ್ಕಾರಿ ಹುದ್ದೆಯಲ್ಲ ಎಂದಿತ್ತು. ಎರಡನ್ನೂ ಕೂಡಿಸಿ ಓದಿಕೋ: ಕೆಲಸ ಇಡೀ ದಿನದ್ದು, ನೀನು ಮಾತ್ರ ಸರ್ಕಾರದವಳಲ್ಲ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆಂದು 730 ದಿನಗಳ ರಜೆ ಇದೆ. ಅದನ್ನು ಪೇಪರಿನಲ್ಲಿ ಓದಿ, ಆ ಪೇಪರನ್ನು ಮಕ್ಕಳ ಊಟಕ್ಕೆ ಹಾಸು.

ಈಗ ನಿನ್ನ ಮಕ್ಕಳ ವಿಚಾರ. ದೊಡ್ಡದಕ್ಕೆ ನಾಲ್ಕು, ಅದು ನಿನ್ನ ಅಂಗನವಾಡಿಯಲ್ಲೇ ಹಾಜರಿ. ಎರಡು ವರ್ಷದ ಸಣ್ಣದರ ಕಥೆಯೇ ಕಷ್ಟ. ಮೂರರಿಂದ ಆರು ವರ್ಷದವಕ್ಕೆ ಬಿಸಿ ಊಟ, ಮೂರು ತುಂಬದವಕ್ಕೆ ಮನೆಗೊಯ್ಯುವ ಪಾಕೀಟು, ಇದು ನಿಯಮ. ನೀನು ಬಾಗಿಲು ತೆಗೆಯಲು ಹೋದಾಗ ಅದು ನಿನ್ನ ಸೆರಗು ಹಿಡಿದುಕೊಂಡೇ ಬರುತ್ತದೆ. ಬಚತ್ ಗಟದ, ಅಂದರೆ ಸ್ವಸಹಾಯ ಸಂಘದ, ಹೆಂಗಸರು ಖಿಚಡಿ ತಂದಿಟ್ಟಾಗ ಅಕ್ಕನ ತಾಟಿಗೆ ಕೈ ಹಾಕುತ್ತದೆ. ಆ ಕ್ಷಣದಲ್ಲಿ ಅದು ನಿನ್ನ ಕೂಸಲ್ಲ, ಲೆಕ್ಕಪತ್ರದ ವ್ಯತ್ಯಾಸ. ನಿನ್ನ ಮುಂದೆ ಹನ್ನೊಂದು ರಿಜಿಸ್ಟರುಗಳಿವೆ: ತೂಕಕ್ಕೊಂದು, ಲಸಿಕೆಗೊಂದು, ದಾಸ್ತಾನಿಗೊಂದು, ಮನೆ ಭೇಟಿಗೊಂದು. ಅಕ್ಕನ ತಾಟಿನಿಂದ ಎರಡು ತುತ್ತು ತಿಂದ ಕೂಸಿಗೆ ಮಾತ್ರ ಯಾವುದರಲ್ಲೂ ಕಾಲಂ ಇಲ್ಲ. ಮೇಲ್ವಿಚಾರಕಿ ಬಂದಾಗ ಅದರ ಬಾಯಿ ಒರೆಸಿಡು.

ಅದರ ಪಾಲಿನ ಪಾಕೀಟನ್ನು ಕೊಡುವುದೂ ಒಂದು ವಿಧಿ. ಆಹಾರ ಅಡ್ಡದಾರಿ ಹಿಡಿಯಬಾರದೆಂದು 2025ರ ಜುಲೈಯಿಂದ ಫೋನಿನ ಸರ್ಕಾರಿ ಆಪ್‌ನಲ್ಲಿ ಮುಖ ಹೊಂದಿದರಷ್ಟೇ ಪಾಕೀಟು. ಕೊಡುವವಳು ಸೇವಿಕೆ, ಅಂದರೆ ನೀನು. ಇಸಿದುಕೊಳ್ಳುವವಳು ಕೂಸಿನ ತಾಯಿ, ಅಂದರೆ ಅದೂ ನೀನೇ. ಫೋನನ್ನು ನಿನ್ನ ಮುಖಕ್ಕೆ ನೀನೇ ಹಿಡಿ. ರೇಂಜ್ ಸಿಗದಿದ್ದರೆ ಮಾರುತಿ ಗುಡಿಯ ಕಟ್ಟೆ ಹತ್ತು. ಕಣ್ಣು ಮಿಟುಕಿಸು ಅಂದರೆ ಮಿಟುಕಿಸು, ಕಟ್ಟೆಯ ಮೇಲಿನ ಮುದುಕರು ಏನಾದರೂ ಅಂದುಕೊಳ್ಳಲಿ. ನೀನು ನೀನೇ ಎಂದು ದಿಲ್ಲಿ ಒಪ್ಪಿದ ಮೇಲೆ ಬಲಗೈಯಿಂದ ಎಡಗೈಗೆ ಪಾಕೀಟು ದಾಟಿಸು. ಒಪ್ಪದಿದ್ದರೆ ಬೇಜಾರಾಗಬೇಡ. ಆಧಾರ್ ಕಾರ್ಡಿನ ಫೋಟೊ ಮದುವೆಗೆ ಮುಂಚಿನದು. ಎರಡು ಬಾಣಂತನ ಕಂಡ ಈ ಮುಖ ಗಂಡನಿಗೇ ಒಮ್ಮೊಮ್ಮೆ ಗುರುತು ಹತ್ತುವುದಿಲ್ಲ, ಆಪ್ ಏನು ಮಾಡೀತು.

ಆ ಆಪ್ 2021ರ ಮಾರ್ಚ್‌ನಲ್ಲಿ ಬಂದಾಗ ಇಂಗ್ಲಿಷಿನಲ್ಲಿತ್ತು. ಕೂಸು ಅಳುವುದು ಕನ್ನಡದಲ್ಲಿ, ವರದಿ ಹೋಗಬೇಕಾದ್ದು ಮರಾಠಿಯಲ್ಲಿ, ತೂಕ ತುಂಬಬೇಕಾದ್ದು ಇಂಗ್ಲಿಷಿನಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಸೇವಿಕೆಯರು ಸರ್ಕಾರ ಕೊಟ್ಟಿದ್ದ ಫೋನುಗಳನ್ನು ಸರ್ಕಾರಕ್ಕೇ ಒಪ್ಪಿಸಿ ಬಂದರು. ಬಾಗಿನ ಹಿಂತಿರುಗಿಸಿದ್ದು ನಮ್ಮ ಕಡೆ ಕೇಳಿ ಗೊತ್ತಿರಲಿಲ್ಲ.

ಊರಿನಲ್ಲಿ ಮಾತಾಡುವಾಗ ಹುಷಾರು. ನಿನ್ನ ಅಂಗನವಾಡಿಯ ಮಕ್ಕಳು ಸಾಮಾನ್ಯರಲ್ಲ, ಎರಡು ರಾಜ್ಯಗಳು ಬಡಿದಾಡುತ್ತಿರುವ ಮಕ್ಕಳು. 1967ರಲ್ಲಿ ಮಹಾಜನ ಆಯೋಗ ಇಡೀ ಅಕ್ಕಲಕೋಟ ತಾಲೂಕನ್ನು ಆಗಿನ ಮೈಸೂರು ರಾಜ್ಯಕ್ಕೆ ಕೊಡಿ ಎಂದಿತು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸೊಲ್ಲಾಪುರ, ಅಕ್ಕಲಕೋಟ ನಮ್ಮವು ಎಂದು ಮತ್ತೆ ಗುಡುಗಿದರು. ಆ ಕಡೆಯಿಂದ ಒಂದಿಂಚೂ ಬಿಡೆವು ಎಂಬ ಉತ್ತರ. ಇಷ್ಟು ವರ್ಷಗಳ ಜಗಳದಲ್ಲಿ ಈ ಮಕ್ಕಳ ಸಿಂಬಳ ಒರೆಸುವ ಹಕ್ಕಿಗಾಗಿ ಮಾತ್ರ ಯಾವ ರಾಜ್ಯವೂ ದಾವೆ ಹೂಡಿಲ್ಲ. ಅದರ ಮೇಲೆ ನಿನ್ನ ಒಡೆತನ ನಿರ್ವಿವಾದ.

ಸೊಲ್ಲಾಪುರದ ನಿನ್ನ ನಾದಿನಿ ಬೀಡಿ ಕಟ್ಟುತ್ತಾಳಲ್ಲ, ಅವಳ ಮುಂದೆ ನಿನ್ನ ಗೋಳು ಹೇಳಿಕೊಳ್ಳಬೇಡ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಐವತ್ತು ಜನ ದುಡಿಯುವಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಪಾಳಣಾಘರ ಇರಬೇಕು, ಆಗುವಂತಿದ್ದರೆ ಬಾಣಂತಿಗೆ ಮನೆಯಿಂದಲೇ ಕೆಲಸ ಕೊಡಬಹುದು ಎಂದಿತು. ದಿಲ್ಲಿಗೆ ಆಗ ಹೊಳೆದದ್ದನ್ನು ಸೊಲ್ಲಾಪುರದ ಬೀಡಿ ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಅವರ ಪಾಳಣಾಘರ ಎಂದರೆ ಎಲೆ ಕತ್ತರಿಸುವ ಕತ್ತರಿಗೂ ತಂಬಾಕಿನ ಮೊರಕ್ಕೂ ನಡುವೆ ಉಳಿದ ಜಾಗ. ಹಾಂ, ಅಂದಹಾಗೆ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಕೇಂದ್ರದ 'ಪಾಲನಾ' ಯೋಜನೆ ಇದೆ, ದೇಶದಲ್ಲಿ 17,000 ಪಾಳಣಾಘರಗಳ ಗುರಿ. ನಿನ್ನ ಊರಿಗೂ ಬಂದರೆ ನಿನ್ನ ಸಣ್ಣದನ್ನು ನೆಮ್ಮದಿಯಾಗಿ ಅಲ್ಲಿಗೆ ಬಿಡು. ಅದನ್ನು ತೆರೆಯುವುದು ಅಂಗನವಾಡಿಯಲ್ಲೇ.

ಮಧ್ಯಾಹ್ನದ ಮೇಲೆ ಏನು ಮಾಡಲಿ ಎಂದು ಕೇಳಬೇಡ. ನಿನಗಿಂತ ಮೊದಲಿದ್ದವಳನ್ನು ಕೇಳು. 2024ರಲ್ಲಿ 'ಲಾಡಕಿ ಬಹೀಣ' ಬಂತು, ತಂಗಿಯರಿಗೆ ತಿಂಗಳಿಗೆ 1,500 ರೂಪಾಯಿ. ಅರ್ಜಿ ತುಂಬಿದವಳು ಅವಳು, ಅರ್ಜಿಗೆ 50 ರೂಪಾಯಿಯ ಆಶ್ವಾಸನೆ. ಚುನಾವಣೆ ಮುಗಿದು ಹೊಸ ವರ್ಷ ಬಂತು. 2025ರ ಫೆಬ್ರುವರಿಯಲ್ಲಿ, ಆ ತಂಗಿಯರ ಮನೆಯ ಮುಂದೆ ಕಾರು ನಿಂತಿದೆಯೇ ನೋಡಿಕೊಂಡು ಬಾ ಎಂಬ ಆದೇಶವೂ ಸೇವಿಕೆಯರಿಗೇ. ಸರ್ಕಾರ ಉಡಿ ತುಂಬಿತು, ಉಡಿ ಬಿಚ್ಚಿ ಎಣಿಸಲು ಅವಳನ್ನು ಕಳಿಸಿತು. ಆ ಬಾಗಿಲಲ್ಲಿ ತಿಂದ ಬೈಗುಳಕ್ಕೆ ದರ ನಿಗದಿಯಾಗಿಲ್ಲ.

ಮಾನಧನದ ಬಗ್ಗೆ ಕೇಳಿದೆಯಲ್ಲ. 2018ರಲ್ಲಿ ಕೇಂದ್ರ ತಿಂಗಳಿಗೆ 4,500 ಎಂದು ನಿಗದಿ ಮಾಡಿತು. ಮಹಾರಾಷ್ಟ್ರ ತನ್ನದನ್ನೂ ಹಾಕಿ 2023ರಲ್ಲಿ ಅದನ್ನು 10,000ಕ್ಕೆ ಮುಟ್ಟಿಸಿತು. ಆ ಸಂತೋಷ ತಡೆಯಲಾರದೆ ಸೇವಿಕೆಯರು ಅದೇ ವರ್ಷ ಡಿಸೆಂಬರ್ 4ರಿಂದ ಮುಷ್ಕರಕ್ಕೆ ಕುಳಿತರು, ಸಂಕ್ರಾಂತಿ ಕಳೆದರೂ ಏಳಲಿಲ್ಲ. ಅತ್ತ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗಡ್ಡದ ಜಾತ್ರೆ. ಆ ಸಿದ್ಧೇಶ್ವರನೇ ಊರ ಮಂದಿಯನ್ನು ಕೂಡಿಸಿ ಕೆರೆ ಕಟ್ಟಿದ ಕರ್ಮಯೋಗಿ ಸಿದ್ಧರಾಮ. ಅವನ ಪುಣ್ಯ ದೊಡ್ಡದು, ದಿನದ ಕೆಲಸ ಮುಗಿದ ಮೇಲೆ ಜಾಗದ ಗುರುತಿರುವ ಫೋಟೊ ಗ್ರೂಪಿಗೆ ಹಾಕು ಎಂದು ಯಾರೂ ಅವನನ್ನು ಕೇಳಲಿಲ್ಲ.

ನೀನು ಮಾತ್ರ ಹಾಕು. ರಾತ್ರಿ ಸಣ್ಣದನ್ನು ತಟ್ಟುತ್ತಾ ಮಲಗಿಸುವಾಗ ಒಂದು ಕೈ ಖಾಲಿ ಇರುತ್ತದೆ, ವರದಿ ತುಂಬಲು ಸರಿಯಾದ ಹೊತ್ತು. ಅಕ್ಕಲಕೋಟದ ಗಾಡಿಗಳ ಹಿಂದೆ ಸ್ವಾಮಿ ಸಮರ್ಥರ ಅಭಯ ಓದಿದ್ದೀಯಲ್ಲ, ಹೆದರಬೇಡ, ಬೆನ್ನಿಗಿದ್ದೇನೆ ಅಂತ? ಸರ್ಕಾರವೂ ನಿನ್ನ ಬೆನ್ನಿಗೇ ಇದೆ. ಇಳಿಯುವ ಯೋಚನೆ ಇದ್ದಂತಿಲ್ಲ.

ನಾಳೆ ಲಸಿಕೆಯ ದಿನ. ನರ್ಸಮ್ಮ ಬರುವುದರೊಳಗೆ ಹಾಲು ಕುಡಿಸುವ ತಾಯಂದಿರನ್ನು ಮನೆಮನೆಗೆ ಹೋಗಿ ಕರೆದು ತಾ. ನಿನ್ನ ಸಣ್ಣದಕ್ಕೂ ಒಂದು ಬಾಕಿ ಇದೆಯಲ್ಲ, ಅದನ್ನು ಪಾಳಿಯಲ್ಲಿ ಕಟ್ಟಕಡೆಗೆ ನಿಲ್ಲಿಸು. ಮೊದಲೇ ಹಾಕಿಸಿದರೆ, "ಬಾಯಿ ತನ್ನ ಕೂಸಿಗೆ ವಶೀಲಿ ಮಾಡ್ಯಾಳ" ಅಂತಾರೆ.