ಆಳು ಬೇಕಾಗಿದೆ, ನಾನಲ್ಲ

ತಿರುಪ್ಪೂರಿನಲ್ಲಿ ಕೆಲಸವಿಲ್ಲದೆ ಇರುವುದು ಬಹಳ ಕಷ್ಟ. ಬೇರೆ ಊರಾಗಿದ್ದರೆ ಸರಕಾರವನ್ನಾದರೂ ಬೈದು ಸಮಾಧಾನ ಮಾಡಿಕೊಳ್ಳಬಹುದು. ಇಲ್ಲಿ ಅದಕ್ಕೂ ದಾರಿಯಿಲ್ಲ. ಲೈಟುಕಂಬ, ಕಾಂಪೌಂಡು, ಟೀ ಅಂಗಡಿಯ ಬಾಗಿಲು, ನೋಡಿದಲ್ಲೆಲ್ಲ ‘ಆಳ್ ತೇವೈ’, ಅಂದರೆ ಆಳು ಬೇಕಾಗಿದೆ ಎಂಬ ಬೋರ್ಡು. ಓವರ್‌ಲಾಕ್ ಟೈಲರ್ ಬೇಕು, ಫ್ಲಾಟ್‌ಲಾಕ್ ಟೈಲರ್ ಬೇಕು, ಚೆಕ್ಕಿಂಗಿಗೆ ಹೆಂಗಸರು ಬೇಕು, ಐರನ್ ಮಾಸ್ಟರ್ ಬೇಕು, ಏನೂ ಬಾರದವರಿದ್ದರೆ ಹೆಲ್ಪರ್ ಆಗಿಯಾದರೂ ಬನ್ನಿ. ದೇಶದಿಂದ ಹೊರಕ್ಕೆ ಹೋಗುವ ಹೆಣಿಗೆ ಬಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದು ಊರಿನದು. ಬಿಹಾರದಿಂದ, ಒಡಿಶಾದಿಂದ ರೈಲಿನಲ್ಲಿ ನಿಂತುಕೊಂಡೇ ಬಂದ ಹುಡುಗ ಸ್ಟೇಷನ್ನಿನ ಮೆಟ್ಟಿಲಿಳಿಯುವಷ್ಟರಲ್ಲಿ ಕೆಲಸ ಸಿಕ್ಕಿರುತ್ತದೆ. ಕನ್ನಡ ಎಂ.ಎ., ಬಿ.ಎಡ್. ಆದವರು ಬೇಕು ಎನ್ನುವ ಬೋರ್ಡು ಮಾತ್ರ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ನಾನು ಚಾಮರಾಜನಗರದ ಕಡೆಯವಳು. ಗಂಡನ ಮನೆಯವರು ನೇಯ್ಗೆಯ ದೇವಾಂಗರು. ಕೊಯಮತ್ತೂರು, ತಿರುಪ್ಪೂರು, ಈರೋಡು, ಸೇಲಂ ಸುತ್ತ ಇವರ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡವೇ ಮನೆಮಾತು. ಸಂಬಂಧ ತಂದವರು ಅದನ್ನೇ ದೊಡ್ಡದು ಮಾಡಿ ಹೇಳಿದ್ದರು: “ಊರು ತಮಿಳಾದರೇನು, ಒಲೆಯ ಮುಂದೆ ಕನ್ನಡವೇ.” ಮಾತು ಸುಳ್ಳಲ್ಲ. ಒಲೆಯ ಮುಂದೆ ಕನ್ನಡವೇ. ಓದು ಬರಹ ಮಾತ್ರ ಪೂರ್ತಿ ತಮಿಳು. ಅತ್ತೆ ತಮಿಳು ಪೇಪರನ್ನು ಮರಣವಾರ್ತೆಯಿಂದ ಹಿಡಿದು ಚಿನ್ನದ ದರದವರೆಗೂ ಬಿಡದೆ ಓದುತ್ತಾರೆ, ಕನ್ನಡದ ಒಂದಕ್ಷರ ಗುರುತಿಸಲಾರರು. ಮಾವನೂ ಹಾಗೇ, ನಮ್ಮನೆಯವರೂ ಹಾಗೇ.

ಹಾಸ್ಯ ಬರೆಯುವವಳಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಕ್ಕೀತೆ? ‘ಕೊರವಂಜಿ’ ಹಾಸ್ಯಪತ್ರಿಕೆಯ ಕಾಲದಲ್ಲಿ ಟಿ. ಸುನಂದಮ್ಮನವರು ಮನೆವಾರ್ತೆಯನ್ನೇ ನಗೆಯ ಬಂಡವಾಳ ಮಾಡಿಕೊಂಡು ಬರೆದರು. ಅವರ ಮನೆಮಂದಿಗೆ ಕನ್ನಡ ಓದಲು ಬರುತ್ತಿತ್ತು ಎಂಬುದನ್ನು ನೆನೆದರೆ ಅವರ ಧೈರ್ಯಕ್ಕೆ ಕೈಮುಗಿಯಬೇಕು. ನನಗೆ ಆ ಧೈರ್ಯ ಬೇಕಾಗಿಲ್ಲ. ಅತ್ತೆಯ ಬಗ್ಗೆ ಬರೆದ ಹಾಳೆಯನ್ನು ಅತ್ತೆಯ ಮುಂದೆಯೇ ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಬಹುದು. ಅವರು ಅದರ ಮೇಲೆ ಹುಣಿಸೆಹಣ್ಣಿನ ಡಬ್ಬಿ ಇಟ್ಟಿರುತ್ತಾರೆ, ಅಷ್ಟೆ. ಇನ್ನು, ವಿಜಯದಶಮಿಯ ದಿನ ಚೌಡೇಶ್ವರಿಯ ಕಲಶದ ಮುಂದೆ ಎದೆಗೆ ಕತ್ತಿ ಹೊಡೆದುಕೊಳ್ಳುವ ಕುಲ ಇದು. ಸೊಸೆಯ ಲೇಖನ ಚುಚ್ಚಿದರೂ ಎಷ್ಟು ಚುಚ್ಚೀತು?

ಹಾಗೆಂದು ನಾನು ಪೂರಾ ನಿರುದ್ಯೋಗಿಯಲ್ಲ. ಒಂದು ಖಾಸಗಿ ಶಾಲೆಯಲ್ಲಿ ಮಧ್ಯಾಹ್ನದವರೆಗೆ ಹಿಂದಿ ಹೇಳಿಕೊಡುತ್ತೇನೆ. ಕನ್ನಡ ಓದಿದವಳು ತಮಿಳು ಮಕ್ಕಳಿಗೆ ಹಿಂದಿ ಕಲಿಸುವುದು ರಾಷ್ಟ್ರೀಯ ಐಕ್ಯತೆ ಎಂದು ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಹೇಳಬಹುದು. ನಿಜ ಏನೆಂದರೆ ಮದುವೆಯಾದ ಹೊಸದರಲ್ಲಿ ಹೊತ್ತು ಹೋಗದೆ ಹಿಂದಿ ಪ್ರಚಾರ ಸಭೆಯ ಪರೀಕ್ಷೆ ಕಟ್ಟಿದೆ. ಗಾಂಧೀಜಿ 1918ರಲ್ಲಿ ಮದರಾಸಿನಲ್ಲಿ ಶುರುಮಾಡಿಸಿದ ಸಭೆ ಅದು. ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ, ವಿಶಾರದ ಎಂದು ಮೆಟ್ಟಿಲು ಹತ್ತುತ್ತಾ ಪ್ರವೀಣ ಮುಗಿಯುವ ಹೊತ್ತಿಗೆ ನನ್ನ ಮಗ ಯು.ಕೆ.ಜಿ.ಗೆ ಬಂದಿದ್ದ. ತಮಿಳುನಾಡಿನ ಸರಕಾರಿ ಶಾಲೆಗಳಲ್ಲಿ 1968ರಿಂದ ಎರಡೇ ಭಾಷೆ, ಹಿಂದಿ ಇಲ್ಲ. ಅದಕ್ಕೇ ಇಲ್ಲಿ ಮನೆಮನೆಯಲ್ಲಿ ಹಿಂದಿ ಟ್ಯೂಷನ್. ಫೆಬ್ರವರಿ, ಆಗಸ್ಟಿನ ಪರೀಕ್ಷೆ ಹತ್ತಿರ ಬಂದಾಗ ನಮ್ಮನೆಯ ಜಗುಲಿಯಲ್ಲಿ ಚಪ್ಪಲಿ ಇಡಲು ಜಾಗವಿರುವುದಿಲ್ಲ. ಪರೀಕ್ಷೆ ಮುಗಿದ ಮಾರನೆಯ ದಿನ ಜಗುಲಿಯಲ್ಲಿ ನನ್ನ ಚಪ್ಪಲಿ ಒಂದೇ.

ಶಾಲೆಯ ಸ್ಟಾಫ್‌ರೂಮಿನಲ್ಲಿ ಪಾರ್ಟ್‌ಟೈಮ್ ಟೀಚರಿಗೆ ಕುರ್ಚಿ ಕೊಟ್ಟಿಲ್ಲ. ರಜೆ ಹಾಕಿದವರ ಕುರ್ಚಿಯೇ ನನ್ನದು. ಬೆಳಿಗ್ಗೆ ಹೋದ ಕೂಡಲೇ “ಇವತ್ತು ಯಾರಿಗೆ ಹುಷಾರಿಲ್ಲ?” ಎಂದು ಕೇಳುತ್ತೇನೆ. ನನ್ನದು ಬಹಳ ಮೃದು ಮನಸ್ಸು ಎಂದು ಅಲ್ಲಿ ಹೆಸರಾಗಿದೆ.

ಪಕ್ಕದ ಮನೆಯ ಗೌಂಡರಮ್ಮನಿಗೆ ಈ ಅರೆಹೊತ್ತಿನ ಕೆಲಸವನ್ನು ವಿವರಿಸುವುದೇ ಒಂದು ಪಾಡು. ತಿರುಪ್ಪೂರಿನ ಲೆಕ್ಕವೆಲ್ಲ ಶಿಫ್ಟಿನಲ್ಲಿ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದೂವರೆಗೆ ಒಂದು ಶಿಫ್ಟ್. ರಾತ್ರಿ ಎಂಟೂವರೆವರೆಗೆ ಕೂತರೆ ಒಂದೂವರೆ. ಆರ್ಡರ್ ಅವಸರದ್ದಾದರೆ ನಡುರಾತ್ರಿಯವರೆಗೆ ಕೂತು ಎರಡು.

“ಟೀಚರಮ್ಮಾ, ನಿಮಗೆ ದಿನಕ್ಕೆ ಎಷ್ಟು ಶಿಫ್ಟ್?”

“ಅರ್ಧ.”

“ಅಯ್ಯೋ ಪಾಪ, ಮೈಗೇನಾಯ್ತು?”

ನನಗಿಂತ ಪಾಪದವರೂ ಇದ್ದಾರೆ ಎಂದು ಅವರಿಗೆ ಹೇಳಬೇಕೆನಿಸುತ್ತದೆ. 2012ರಲ್ಲಿ ತಮಿಳುನಾಡು ಸರಕಾರ 16,000ಕ್ಕೂ ಹೆಚ್ಚು ಅರೆಕಾಲಿಕ ಶಿಕ್ಷಕರನ್ನು ತೆಗೆದುಕೊಂಡಿತು. ವಾರಕ್ಕೆ ಮೂರು ಅರ್ಧದಿನ ಪಾಠ, ತಿಂಗಳಿಗೆ 5,000 ರೂಪಾಯಿ, ಮೇ ತಿಂಗಳಿಗೆ ಸಂಬಳವಿರಲಿಲ್ಲ. ಆಮೇಲೆ ಸಂಬಳ ಅಷ್ಟಿಷ್ಟು ಏರಿತು, ಕಾಯಂ ಮಾಡಿ ಎಂಬ ಕೂಗು ಮಾತ್ರ ಇನ್ನೂ ನಿಂತಿಲ್ಲ. ಚಿತ್ರಕಲೆ, ದೈಹಿಕ ಶಿಕ್ಷಣ, ಕಂಪ್ಯೂಟರ್ ಜೊತೆಗೆ ಹೊಲಿಗೆ ಹೇಳಿಕೊಡುವವರೂ ಅದರಲ್ಲಿದ್ದರು. ಹೊಲಿಗೆ! ತಿರುಪ್ಪೂರಿನ ಶಾಲೆಯಲ್ಲಿ ಹೊಲಿಗೆ ಕಲಿಸುವ ಟೀಚರು ಆ ಹೊಲಿಗೆಯನ್ನೇ ಎದುರಿನ ಕಂಪನಿಯಲ್ಲಿ ಮಿಷನ್ ಮುಂದೆ ಕೂತು ಹೊಲಿದಿದ್ದರೆ ಇನ್ನೂ ಹೆಚ್ಚು ದುಡಿಯುತ್ತಿದ್ದರು. ಅವರಿಗೆ ಹೋಲಿಸಿದರೆ ನಾನು ಪುಣ್ಯವಂತೆ. ನಾನು ಕಲಿಸುವುದನ್ನು ಕೊಳ್ಳುವ ಕಂಪನಿಯೇ ಇಲ್ಲದ್ದರಿಂದ ನಷ್ಟದ ಲೆಕ್ಕ ಹಾಕುವ ಪ್ರಮೇಯ ಬರುವುದಿಲ್ಲ.

ಕನ್ನಡದ ಕೆಲಸವೇ ಇಲ್ಲವೆಂದಲ್ಲ. ಈರೋಡು ಜಿಲ್ಲೆಯ ತಾಳವಾಡಿಯಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ. ಅದಕ್ಕೆ ಟೆಟ್, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು. ಟೆಟ್ಟಿನಲ್ಲಿ ಕನ್ನಡವನ್ನೇ ಮೊದಲ ಭಾಷೆಯಾಗಿ ಆರಿಸಿಕೊಳ್ಳಬಹುದು ಎಂದು ಓದಿ ಕುಣಿದಾಡಿದ್ದೆ. ಆಮೇಲೆ, 2012ರಲ್ಲಿ ಇದೇ ತಮಿಳುನಾಡಿನಲ್ಲಿ ಮೊದಲ ಸಲ ಟೆಟ್ ನಡೆದಾಗ ಬರೆದ ಲಕ್ಷಾಂತರ ಜನರಲ್ಲಿ ನೂರಕ್ಕೊಬ್ಬರೂ ಪಾಸಾಗಲಿಲ್ಲ ಎಂದು ಓದಿ ಕೂತೆ. ಅದೂ ಆಗಲಿ ಎಂದುಕೊಂಡರೂ ಸತ್ಯಮಂಗಲದಿಂದ ಮೇಲೆ ದಿಂಬಂ ಘಾಟಿಯ 27 ತಿರುವು ಹತ್ತಬೇಕು. ತಾಳವಾಡಿಯಿಂದ ಚಾಮರಾಜನಗರ ಎಷ್ಟು ಹೊತ್ತಿನ ದಾರಿ? ಅತ್ತೆ ಥಟ್ಟನೆ ಹಿಡಿದರು: “ತವರುಮನೇಲಿ ಇರೋಕೆ ಸರಕಾರ ಸಂಬಳ ಬೇರೆ ಕೊಡುತ್ತಾ, ಅಮ್ಮಣಿ?”

ಇನ್ನು ಬರವಣಿಗೆ. ಮಾವ ಚಿಕ್ಕಂದಿನಲ್ಲಿ ಗುಂಡಿಮಗ್ಗದಲ್ಲಿ ಕೂತವರು, ಆಮೇಲೆ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರಾಗಿ ನಿವೃತ್ತರಾದವರು. ನಾನು ಮೇಜಿನ ಮುಂದೆ ಕೂತು ಬರೆಯುವುದನ್ನು ಕೆಲವು ಕಾಲ ಸುಮ್ಮನೆ ನೋಡಿದರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು.

“ಪೀಸಿಗೆ ಎಷ್ಟಮ್ಮ ರೇಟು?”

ಹೇಳಿದೆ.

“ಒಂದು ಪೀಸ್ ಮುಗಿಸೋಕೆ?”

“ವಾರ ಆಗುತ್ತೆ ಮಾವ. ಒಮ್ಮೊಮ್ಮೆ ತಿಂಗಳೂ ಆಗಬಹುದು.”

“ಪೇಮೆಂಟು?”

“ಪ್ರಕಟವಾದ ಮೇಲೆ.”

“ಯಾವಾಗ ಪ್ರಕಟ ಆಗುತ್ತೆ?”

“ಅವರು ಹೇಳೋದಿಲ್ಲ ಮಾವ.”

ತೊಂಬತ್ತು ದಿನದ ಕ್ರೆಡಿಟ್ ಕೇಳುವ ಪರದೇಶದ ಬೈಯರುಗಳ ಕಥೆಯನ್ನೆಲ್ಲ ಕೇಳಿ ಬಲ್ಲ ಮನುಷ್ಯ. ಇಂಥ ಬೈಯರ್ ಇದ್ದಾನೆಂದು ಅವರಿಗೆ ನಂಬಿಕೆಯೇ ಬರಲಿಲ್ಲ. “ಹಣವೂ ಬಂದಿಲ್ಲ, ಮಾಲೂ ವಾಪಸು ಬಂದಿಲ್ಲ ಅಂದ್ರೆ ಆಸಾಮಿ ಓಡಿಹೋಗಿರಬೇಕು, ವಿಚಾರಿಸು” ಎಂದರು. ಓಡಿಹೋಗಿಲ್ಲ ಮಾವ, ಪ್ರತಿ ವಾರ ಪತ್ರಿಕೆ ಬರುತ್ತಲೇ ಇದೆ, ಬೇರೆಯವರದ್ದು ಹಾಕುತ್ತಿದ್ದಾರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಎಕ್ಸ್‌ಪೋರ್ಟ್ ಮಾಲು ರಿಜೆಕ್ಟಾದರೆ ಅದಕ್ಕೊಂದು ಗತಿಯಿದೆ. ರೈಲ್ವೆ ಸ್ಟೇಷನ್ ಹತ್ತಿರದ ಖಾದರ್‌ಪೇಟೆಗೆ ಹೋಗುತ್ತದೆ, ರಾಶಿ ಹಾಕಿ ಮಾರುತ್ತಾರೆ, ಹೊಲಿಗೆ ಎರಡು ಎಳೆ ತಪ್ಪಿದ್ದರೂ ಯಾರೋ ಪುಣ್ಯಾತ್ಮರು ತೊಟ್ಟು ಹರಿಯುತ್ತಾರೆ. ನಮ್ಮನೆಯವರೆಲ್ಲ ಮನೆಯಲ್ಲಿ ತೊಡುವುದು ಅದನ್ನೇ. ಮಾವನ ಒಂದು ಟೀ ಶರ್ಟಿನ ಎದೆಯ ಮೇಲೆ ಜರ್ಮನ್ ಭಾಷೆಯಲ್ಲಿ ದಪ್ಪಕ್ಷರದಲ್ಲಿ ಏನೋ ಬರೆದಿದೆ. ಏನೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅವರು ಅದನ್ನು ತೊಟ್ಟು ಪಂಚೆ ಮೇಲೆ ಕಟ್ಟಿ ರೇಷನ್ ಅಂಗಡಿಗೆ, ದೇವಸ್ಥಾನಕ್ಕೆ, ಒಮ್ಮೆ ಸಾವಿನ ಮನೆಗೂ ಹೋಗಿ ಬಂದಿದ್ದಾರೆ. ಅರ್ಥವಾಗದ ಬರಹಕ್ಕೆ ಈ ಮನೆಯಲ್ಲಿ ಇಷ್ಟು ಮರ್ಯಾದೆ ಇರುವಾಗ ನನ್ನದನ್ನೂ ಬನಿಯನ್ನಿನ ಮೇಲೆ ಪ್ರಿಂಟ್ ಹಾಕಿಸುವುದೇ ಸರಿ ಅನಿಸಿತ್ತು. ನಮ್ಮನೆಯವರು ಮರ್ಚಂಡೈಸರ್. ಕೇಳಿದೆ. “ಇಷ್ಟು ಉದ್ದ ಬರೆದ್ರೆ ಎಕ್ಸ್‌ಎಲ್ ಸೈಜೂ ಸಾಲದು” ಅಂದರು.

ಹೀಗೆ ಹೇಗೋ ನಡೆಯುತ್ತಿತ್ತು. 2025ರ ಆಗಸ್ಟಿನಲ್ಲಿ ಅಮೆರಿಕದವರು ನಮ್ಮ ಮಾಲಿನ ಮೇಲೆ ಶೇಕಡಾ 50 ಸುಂಕ ಹಾಕಿದರು. ಹಾಕಿದ್ದು ಬನಿಯನ್ನಿನ ಮೇಲೆ, ಬಿದ್ದದ್ದು ನನ್ನ ಮೇಲೆ. ನಮ್ಮನೆಯವರ ಕಂಪನಿಯಲ್ಲಿ ಆರ್ಡರ್ ನಿಂತವು. ರಾತ್ರಿ ಹತ್ತಕ್ಕೆ ಬರುತ್ತಿದ್ದವರು ಸಂಜೆ ಆರಕ್ಕೇ ಬಂದು ಕೂರತೊಡಗಿದರು. ಗಂಡ ಬೇಗ ಮನೆಗೆ ಬರಬೇಕು ಎಂದು ಮದುವೆಯಾದಾಗಿನಿಂದ ಹರಕೆ ಹೊತ್ತಿದ್ದೆ. ಬಂದ ಮೇಲೆ ಗೊತ್ತಾಯಿತು, ಅವರು ಕೂರುವುದು ನಾನು ಬರೆಯುವ ಕುರ್ಚಿಯಲ್ಲಿ, ಮತ್ತು ಕೂತ ಹತ್ತು ನಿಮಿಷಕ್ಕೆ ಶುರುಮಾಡುವುದು ಮನೆಯ ಖರ್ಚಿನ ಲೆಕ್ಕ. “ನೀನೂ ಒಂದು ಫುಲ್‌ಟೈಮ್ ನೋಡ್ಕೊಂಡ್ರೆ...” ಎಂದು ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಉಳಿದರ್ಧವನ್ನು ಅತ್ತೆ ಅಡುಗೆಮನೆಯಿಂದ ಪೂರ್ತಿ ಮಾಡುತ್ತಿದ್ದರು.

ಒಂದು ಕಂಪನಿಯಲ್ಲಿ ಉತ್ತರದ ಕಡೆಯ ಕೆಲಸಗಾರರ ಜೊತೆ ಮಾತಾಡಲು ಹಿಂದಿ ಬಲ್ಲವರು ಬೇಕಂತೆ ಎಂದು ನಮ್ಮನೆಯವರೇ ಸುದ್ದಿ ತಂದರು. ಪ್ರವೀಣದ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಹೋದೆ. ಎಚ್.ಆರ್. ಮ್ಯಾನೇಜರು ಸರ್ಟಿಫಿಕೇಟ್ ನೋಡಲಿಲ್ಲ. ಸೀದಾ ಕಟಿಂಗ್ ಸೆಕ್ಷನ್ನಿಗೆ ಕರೆದುಕೊಂಡು ಹೋದರು. ಅಲ್ಲಿ ಹೊಸದಾಗಿ ಸೇರಿದ್ದ ಒಬ್ಬ ಹುಡುಗ ಬ್ಲೇಡಿನ ಮುಂದೆ ಬರಿಗೈಯಲ್ಲಿ ನಿಂತಿದ್ದ. ಕೈಗೆ ಹಾಕಬೇಕಾದ ಸ್ಟೀಲ್ ಜಾಲರಿಯ ಗ್ಲೌಸು ಮೊಳೆಗೆ ನೇತುಹಾಕಿತ್ತು. “ಎಷ್ಟು ಹೇಳಿದ್ರೂ ಹಾಕಲ್ಲ ಮೇಡಂ, ನೀವು ಹೇಳಿ ನೋಡೋಣ” ಎಂದರು.

ನಾನು ಗಂಟಲು ಸರಿಮಾಡಿಕೊಂಡೆ. ವಿಶಾರದ ಪರೀಕ್ಷೆಯ ಪ್ರಬಂಧ ನೆನಪಿಗೆ ತಂದುಕೊಂಡು, ಲಿಂಗ ವಚನ ವಿಭಕ್ತಿ ಒಂದೂ ತಪ್ಪದಂತೆ, ಮಾನವನ ಹಸ್ತವು ಸೃಷ್ಟಿಕರ್ತನ ಅಮೂಲ್ಯ ವರದಾನವಾಗಿರುವುದರಿಂದ ಅದರ ಸಂರಕ್ಷಣೆ ಪ್ರತಿಯೊಬ್ಬ ಶ್ರಮಿಕನ ಪರಮ ಕರ್ತವ್ಯ ಎಂಬರ್ಥದ ಹಿಂದಿಯಲ್ಲಿ ಅವನಿಗೆ ಬೋಧಿಸಿದೆ. ಹುಡುಗ ಕಣ್ಣು ಪಿಳಿಪಿಳಿ ಮಾಡಿದ. ಪಕ್ಕದವನ ಮುಖ ನೋಡಿದ. ಅವನೂ ಪಿಳಿಪಿಳಿ ಮಾಡಿದ. ಆಮೇಲೆ ನನ್ನ ಕಡೆ ತಿರುಗಿ, ಕೊಂಗುನಾಡಿನಲ್ಲೇ ಹುಟ್ಟಿದವನಂತೆ ಎಳೆದು, “ತಮಿಳ್ಲ ಸೊಲ್ಲುಂಗಕ್ಕಾ” ಎಂದ.

ತಮಿಳಿನಲ್ಲಿ ಹೇಳಿದೆ. “ಸರಿಂಗಕ್ಕಾ” ಎಂದು ಗ್ಲೌಸು ಹಾಕಿಕೊಂಡ.

ಕೆಲಸ ಸಿಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಮ್ಯಾನೇಜರು ಒಳ್ಳೆಯವರು, ಗೇಟಿನವರೆಗೂ ಬಂದು, ಚೆಕ್ಕಿಂಗಿಗೆ ಹೆಂಗಸರು ಬೇಕಾಗಿದ್ದಾರೆ, ಯೋಚನೆ ಮಾಡಿ ಎಂದರು. ಅಂದಿನಿಂದ ನೋಡುತ್ತಿದ್ದೇನೆ: ನಮ್ಮ ಬೀದಿಯ ಕಿರಾಣಿ ಅಂಗಡಿಯವರು, ಬೇಕರಿಯವರು ಎಲ್ಲರೂ ಈಗ ಗಿರಾಕಿಗಳ ಜೊತೆ ಸಲೀಸಾಗಿ ಹಿಂದಿಯಲ್ಲಿ ವ್ಯಾಪಾರ ಮಾಡುತ್ತಾರೆ. ಒಬ್ಬರೂ ಪ್ರಾಥಮಿಕ ಕಟ್ಟಿದವರಲ್ಲ. ನನ್ನ ಟ್ಯೂಷನ್ ಮಕ್ಕಳ ಅಪ್ಪಂದಿರಿಗೆ ಈ ವಿಷಯ ತಿಳಿಯದಿರಲಿ.

ಸೋತು ಮನೆಗೆ ಬಂದರೆ ಅತ್ತೆ ನಡುಮನೆಯಲ್ಲಿ ಪಿಸಿರು ಕತ್ತರಿಸುತ್ತಾ ಕೂತಿದ್ದರು. ಹೊಲಿದ ಬಟ್ಟೆಯಲ್ಲಿ ಜೋತಾಡುವ ದಾರದ ತುದಿಗೆ ಇಲ್ಲಿ ಪಿಸಿರು ಎನ್ನುತ್ತಾರೆ. ಹತ್ತಿರದ ಕಂಪನಿಯವರು ಮೂಟೆ ತಂದು ಹಾಕಿ ಹೋಗುತ್ತಾರೆ. ಅತ್ತೆಯ ಕಣ್ಣು ಟಿ.ವಿ. ಸೀರಿಯಲ್ಲಿನ ಮೇಲೆ, ಎಡಗೈ ಬಟ್ಟೆ ತಿರುಗಿಸುತ್ತದೆ, ಬಲಗೈಯ ಪುಟ್ಟ ಟ್ರಿಮ್ಮರು ಕಟ್ ಕಟ್ ಎನ್ನುತ್ತದೆ. ತೋಳು, ಕುತ್ತಿಗೆ, ಅಂಚು, ಮುಗಿಯಿತು, ಮುಂದಿನ ಪೀಸು. ಸೀರಿಯಲ್ಲಿನಲ್ಲಿ ಅತ್ತೆ ಸೊಸೆಗೆ ಕಪಾಳಕ್ಕೆ ಹೊಡೆದಾಗ ಮಾತ್ರ ಟ್ರಿಮ್ಮರು ಒಂದು ಕ್ಷಣ ನಿಲ್ಲುತ್ತದೆ. ಶನಿವಾರ ಊರಿಗೆಲ್ಲ ಸಂಬಳ. ಅವರೂ ತಮ್ಮ ಪೀಸಿನ ದುಡ್ಡು ಎಣಿಸಿ ಸೆರಗಿಗೆ ಗಂಟು ಹಾಕುತ್ತಾರೆ. ಬಿಡುವಿನಲ್ಲಿ ಕೂತು ಅವರು ಗಳಿಸುವುದು ನನ್ನ ಸಾಹಿತ್ಯ ಸಂಪಾದನೆಗಿಂತ ಹೆಚ್ಚು ಎಂಬುದು ಇಬ್ಬರಿಗೂ ಗೊತ್ತು. ಅವರು ಆಡಿ ತೋರಿಸುವುದಿಲ್ಲ, ಆದರೆ ದುಡ್ಡನ್ನು ಸ್ವಲ್ಪ ಗಟ್ಟಿಯಾಗಿ ಎಣಿಸುತ್ತಾರೆ.

ಅವತ್ತು ನಾನು ಹಾಳೆ ಹಿಡಿದು ಅವರ ಪಕ್ಕದಲ್ಲೇ ಬರೆಯುತ್ತಾ ಕೂತೆ. “ಏನು ಬರೀತಿದ್ದೀಯ ಅಮ್ಮಣಿ? ನನ್ನ ಮೇಲೇನಾ? ಓದು ನೋಡೋಣ” ಎಂದರು.

ಬರೆದದ್ದು ಅವರ ಮೇಲೆಯೇ. ಎರಡು ಪುಟ. ಓದುತ್ತಾ ಓದುತ್ತಾ ಜಾಗ್ರತೆಯಾಗಿ ಹಾರಿಸಿದೆ. ಹುಣಿಸೆಹಣ್ಣಿನ ಡಬ್ಬಿ ಹಾರಿತು, ಚಿನ್ನದ ದರ ಹಾರಿತು, ಸೆರಗಿನ ಗಂಟೂ ಹಾರಿತು. ಉಳಿದದ್ದು ಅತ್ತೆಯ ಕೈರುಚಿ, ದೈವಭಕ್ತಿ.

ಅತ್ತೆ ಟ್ರಿಮ್ಮರು ಕೆಳಗಿಟ್ಟರು. “ಎರಡು ಪುಟ ಇದೆ, ಒಂದು ಅಡ್ವರ್ಟೈಸ್‌ಮೆಂಟ್ ಮುಗಿಯೋದರೊಳಗೆ ಓದಿ ಮುಗಿಸಿದೆ. ಪಿಸಿರು ಕತ್ತರಿಸಬೇಕು ಅಮ್ಮಣಿ, ತೋಳನ್ನೇ ಕತ್ತರಿಸಬಾರದು. ಮೊದಲಿಂದ ಓದು.”

ಮೊದಲಿಂದ ಓದಿದೆ. ಪೂರ್ತಿ. ಚಿನ್ನದ ದರದ ಹತ್ತಿರ ಮಾವ ಕೆಮ್ಮುವ ನೆಪದಲ್ಲಿ ನಕ್ಕರು. ಸೆರಗಿನ ಗಂಟಿನ ಹತ್ತಿರ ನಮ್ಮನೆಯವರು ಎದ್ದು ಜಗುಲಿಗೆ ಹೋಗಿ ನಕ್ಕರು. ಅತ್ತೆ ನಗಲಿಲ್ಲ. ಮೂರು ಕಡೆ ನಿಲ್ಲಿಸಿದರು. ಇಲ್ಲಿ ಹೇಳಿದ್ದನ್ನೇ ಹೇಳಿದ್ದೀಯ, ಇಲ್ಲಿ ನನ್ನ ಮಾತು ನಾನಾಡಿದ ಹಾಗಿಲ್ಲ, ಇಲ್ಲಿ ಮುಗಿದ ಮೇಲೂ ಹೊಲಿತಾ ಹೋಗಿದ್ದೀಯ ಎಂದರು. ಮೂರೂ ಸರಿ. ಯಾವ ಸಂಪಾದಕರೂ ಇಷ್ಟು ದಿನ ನನಗೆ ಇಷ್ಟು ವಿವರವಾಗಿ ಬರೆದವರಲ್ಲ. ಈಗ ಏನು ಬರೆದರೂ ಸೀರಿಯಲ್ಲಿನ ಬಿಡುವಿನಲ್ಲಿ ಅವರ ಚೆಕ್ಕಿಂಗ್ ಆಗಿಯೇ ಹೊರಗೆ ಹೋಗುವುದು. ಅವರ ಬಗ್ಗೆ ಬರೆದಿರುವುದನ್ನು ಅವರು ಹೊಡೆಸುವುದಿಲ್ಲ. ಮಾವನ ಬಗ್ಗೆ ಇನ್ನೂ ಸ್ವಲ್ಪ ಹಾಕು ಅನ್ನುತ್ತಾರೆ, ಅಷ್ಟೆ.

ಈ ಲೇಖನವೂ ಹಾಗೆ ಚೆಕ್ಕಿಂಗ್ ಮುಗಿಸಿಯೇ ಬರುತ್ತಿದೆ, ಸಂಪಾದಕರೇ. ಮಾವ ತಮ್ಮ ಕಡೆಯಿಂದ ಒಂದು ಷರತ್ತು ಸೇರಿಸಲು ಹೇಳಿದ್ದಾರೆ. ಮಾಲು ಒಪ್ಪಿಗೆಯಾದರೆ ಶನಿವಾರದೊಳಗೆ ಹಣ ಕಳಿಸಿ, ಒಪ್ಪಿಗೆಯಾಗದಿದ್ದರೆ ಮಾಲು ವಾಪಸು ಕಳಿಸಿ. ಎರಡೂ ಮಾಡದಿದ್ದರೆ ಅವರೇ ಜರ್ಮನ್ ಟೀ ಶರ್ಟು ತೊಟ್ಟು ಬೆಂಗಳೂರಿಗೆ ವಸೂಲಿಗೆ ಬರುತ್ತಾರಂತೆ.