ಐವತ್ತು ಮಾತಿನ ಯಜಮಾನ

ಹೊಸಪೇಟೆಯ ಯಾವ ಓಣಿಗೆ ಹೋದರೂ ಒಬ್ಬ ಯಜಮಾನ ಎದುರಾಗುತ್ತಾನೆ. ಎತ್ತರ ಮೂರಡಿಗೆ ಸ್ವಲ್ಪ ಕಡಿಮೆ, ವಯಸ್ಸು ಎರಡರ ಆಸುಪಾಸು, ಕೆನ್ನೆಯಲ್ಲಿ ದೃಷ್ಟಿಬೊಟ್ಟು, ಕಾಲಲ್ಲಿ ಅಪ್ಪನ ಚಪ್ಪಲಿ, ಅದೂ ಎಡದ್ದು ಬಲಕ್ಕೆ. ಬಂಡವಾಳ ಸುಮಾರು 50 ಮಾತು. ಒಂದೂವರೆಯಿಂದ ಎರಡು ವರ್ಷದೊಳಗೆ ಹೆಚ್ಚಿನ ಮಕ್ಕಳ ಬಾಯಲ್ಲಿ ಕೂಡುವ ಗಂಟು ಅಷ್ಟೇ. ಅರ್ಥವಾಗುವುದು ಮಾತ್ರ ಅದಕ್ಕಿಂತ ಎಷ್ಟೋ ಹೆಚ್ಚು. ‘ಬಿಸ್ಕತ್ತು ಮುಗೀತು’ ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಪಡಸಾಲೆಯಲ್ಲಿ ತುಟಿ ನಡುಗುತ್ತದೆ. ‘ಉಣ್ಣಾಕ ಬಾರಪ್ಪಾ’ ಎಂದು ಮೂರು ಮನೆಗೆ ಕೇಳುವಂತೆ ಕೂಗಿದರೂ ಅವನ ಕಿವಿಗೆ ತಲುಪುವುದಿಲ್ಲ.

ಐವತ್ತರಲ್ಲಿ ಅತಿ ಹೆಚ್ಚು ಸವೆಯುವುದು ‘ಬ್ಯಾಡ’. ಹಾಲು ಬ್ಯಾಡ, ಸ್ನಾನ ಬ್ಯಾಡ, ಅಂಗಿಯಂತೂ ಮೊದಲೇ ಬ್ಯಾಡ. ಸರಿ ಎಂದು ಲೋಟ ಒಳಗೆ ಒಯ್ದರೆ ಅದೂ ಬ್ಯಾಡ.

ಬಳ್ಳಾರಿ ಸೀಮೆ 1953ರವರೆಗೆ ಮದ್ರಾಸಿಗೆ ಸೇರಿತ್ತು. ಇಲ್ಲಿನ ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಜಗಳವಾಡುತ್ತವೆ, ಸಾಲ ಕೇಳುತ್ತವೆ, ಮಕ್ಕಳನ್ನು ಮುದ್ದಾಡುತ್ತವೆ. ಯಜಮಾನ ಯಾವುದನ್ನೂ ಬಿಟ್ಟುಕೊಟ್ಟಿಲ್ಲ. ಪಕ್ಕದ ಮನೆಯ ಖಾಲಾ ಹತ್ತಿರ ‘ಪಾನಿ’, ಅವ್ವನ ಹತ್ತಿರ ‘ನೀಲು’. ನಾಯಿಮರಿಗೆ ತೆಲುಗಿನಲ್ಲಿ ‘ಲಾ ಲಾ’. ‘ರಾ’ ಎನ್ನಲು ನಾಲಿಗೆ ಇನ್ನೂ ತಿರುಗದು. ಮಕ್ಕಳ ಬಾಯಿಗೆ ರಕಾರ ತಡವಾಗಿ ಬರುವ ಅತಿಥಿ. ಅಲ್ಲಿಯವರೆಗೆ ಲಕಾರವೇ ಮನೆ ನೋಡಿಕೊಳ್ಳುತ್ತದೆ. ಹಾಲನ್ನು ‘ಆಲು’ ಎಂದರೆ ತಿದ್ದುವವರೂ ಇಲ್ಲ, ತಾತನೂ ಅದನ್ನೇ ಅನ್ನುತ್ತಾನೆ.

ತೊಂದರೆ ಬರುವುದು ಸಂಡೂರು ರಸ್ತೆಯಲ್ಲಿ. ಅದಿರು ಹೊತ್ತ ಲಾರಿಗಳ ಸಾಲು ಕಂಡು ಅವನು ‘ಲಾಲಿ! ಲಾಲಿ!’ ಎಂದು ಕುಣಿಯುತ್ತಾನೆ. ಪಾಪ, ಅಜ್ಜಿ ನಿದ್ದೆ ಬಂತೆಂದು ತೊಡೆಗೆ ಹಾಕಿಕೊಂಡು ತಟ್ಟತೊಡಗುತ್ತಾಳೆ. ಆಗ ಎದ್ದ ಅಳುವಿನ ಮುಂದೆ ಲಾರಿಯ ಹಾರ್ನ್ ಏನೂ ಅಲ್ಲ.

ಅವನ ‘ಆನಿ’ಯದು ಇನ್ನೊಂದು ಕಥೆ. ಸೊಂಡಿಲಿದ್ದದ್ದೆಲ್ಲ ಆನಿ. ಹೇಮಕೂಟದ ಕಡಲೆಕಾಳು ಗಣೇಶ ಆನಿ, ಗೋಡೆಗೆ ನೇತುಹಾಕಿದ ನೀರಿನ ಪೈಪು ಆನಿ, ಚರಂಡಿ ಅಗೆಯುವ ಜೆಸಿಬಿಯಂತೂ ಪಟ್ಟದ ಆನಿ. ಒಂದು ಹೆಸರನ್ನು ಹಿಗ್ಗಿಸಿ ಹಲವು ವಸ್ತುಗಳಿಗೆ ಹೊದಿಸುವುದು ಈ ವಯಸ್ಸಿನ ಎಲ್ಲ ಊರಿನ ಮಕ್ಕಳ ಜಾಣತನ. ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಹಂಪಿಗೆ ಕರೆದೊಯ್ದು, ವಿರೂಪಾಕ್ಷನ ಗುಡಿಯ ಲಕ್ಷ್ಮಿ ಎಂಬ ನಿಜವಾದ ಆನೆಯ ಮುಂದೆ ನಿಲ್ಲಿಸಿ ನೋಡಿ. ಯಜಮಾನ ಅವ್ವನ ಸೆರಗಿನೊಳಗೆ ಮಾಯ. ಒಳಗಿನಿಂದ ಒಂದೇ ಮಾತು: ‘ಬ್ಯಾಡ.’ ಲಕ್ಷ್ಮಿ ಸೊಂಡಿಲಿನಿಂದ ನಾಣ್ಯ ತೆಗೆದುಕೊಂಡಾಗ ಮಾತ್ರ ತಲೆ ಹೊರಗೆ ಬರುತ್ತದೆ. ‘ನಂದು!’

ದುಡ್ಡಿನ ವಿಷಯದಲ್ಲಿ ಅವನದು ಖಚಿತ ನಿಲುವು. ಅಪ್ಪನ ಜೇಬಿನಿಂದ 500ರ ನೋಟು ಬಂದರೆ ತಿರುಗಿ ಕೊಡುತ್ತಾನೆ; 50ರ ನೀಲಿ ನೋಟು ಬಂದರೆ ಮುಷ್ಟಿ ಬಿಚ್ಚುವುದಿಲ್ಲ. 2017ರಿಂದ ಅದರ ಬೆನ್ನ ಮೇಲೆ ಹಂಪಿಯ ಕಲ್ಲಿನ ರಥವಿದೆ. ‘ತೇಲು’ ಎಂದು ತೋರಿಸಿ, ಎರಡೂ ಕೈಯಿಂದ ಹಿಡಿದು, ತೇರು ಎಳೆಯುವವರ ಹುರುಪಿನಲ್ಲಿ ಎಳೆಯುತ್ತಾನೆ. ಅಂಟುಪಟ್ಟಿ ಹಚ್ಚಿದ 50ರ ನೋಟನ್ನು ಕಿರಾಣಿ ಅಂಗಡಿಯವ ಕಂಡರೆ ಮನೆಯಲ್ಲಿ ಮಗು ಇದೆ ಎಂದು ತಿಳಿದುಕೊಳ್ಳಬಹುದು.

ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂದರೆ ಅವನಿಗೂ ಪಾಲು ಬೇಕು. ಬಜ್ಜಿಯ ಹಿಟ್ಟು ಮಾತ್ರ ಕಿತ್ತುಕೊಟ್ಟರೆ ಮೋಸ ತಿಳಿಯುತ್ತದೆ. ಮೆಣಸಿನಕಾಯಿಯನ್ನೇ ನೆಕ್ಕಿ, ‘ಹಾ... ಹಾ...’ ಎಂದು ಕಣ್ಣಲ್ಲಿ ನೀರು ತಂದುಕೊಂಡು, ಮತ್ತೆ ಕೈ ಚಾಚುತ್ತಾನೆ. ನೀರು ಬಿಟ್ಟಾಗ ಇಡೀ ಊರು ತುಂಗಭದ್ರಾ ಅಣೆಕಟ್ಟಿಗೆ ಓಡುತ್ತದೆ. 33 ಗೇಟುಗಳ ಎದುರು ಎತ್ತಿ ಹಿಡಿದರೆ ಅವನು ನೋಡುವುದು ಅಪ್ಪನ ಅಂಗಿಯ ಗುಂಡಿಯನ್ನು.

ಬೆಳಿಗ್ಗೆ ಅಪ್ಪ ಬೈಕ್ ಹೊರಗೆ ತೆಗೆದರೆ ಟ್ಯಾಂಕಿನ ಮೇಲೆ ಕೂರಿಸಿ ಓಣಿಯ ತುದಿಯವರೆಗೆ ಒಂದು ರೌಂಡ್ ಕಡ್ಡಾಯ. ಕಂಡದ್ದಕ್ಕೆಲ್ಲ ಅಪ್ಪ ಹೆಸರು ಹೇಳಬೇಕು, ಅದೂ ಯಜಮಾನನ ಭಾಷೆಯಲ್ಲೇ. ಇಳಿಸಿ, ಟಾಟಾ ಹೇಳಿಸಿಕೊಂಡು, ದಾರಿಯಲ್ಲಿ ಸಹೋದ್ಯೋಗಿಯನ್ನು ಹಿಂದೆ ಹತ್ತಿಸಿಕೊಂಡು ಹೊರಟ ಅಪ್ಪ ಸ್ಟೇಶನ್ ರಸ್ತೆಯ ತಿರುವಿನಲ್ಲಿ ಬೆರಳು ತೋರಿಸಿ ಕೂಗುತ್ತಾನೆ:

‘ಅಲ್ನೋಡು, ಆನಿ!’

‘ಎಲ್ರೀ ಸಾರ್?’ ಎಂದು ಸಹೋದ್ಯೋಗಿ ಗಾಬರಿಯಲ್ಲಿ ಕತ್ತು ಚಾಚಿದರೆ, ಅಲ್ಲಿ ಜೆಸಿಬಿ ತನ್ನ ಪಾಡಿಗೆ ತಾನು ಚರಂಡಿ ಅಗೆಯುತ್ತಿರುತ್ತದೆ.