ಗೌಳಿಶಾಸ್ತ್ರದ ಲುಪ್ತ ಸೂತ್ರಕ್ಕೊಂದು ಭಾಷ್ಯ

ಹಲ್ಲಿ ತಲೆಯ ಮೇಲೆ ಬಿದ್ದರೇನು, ಎಡಭುಜಕ್ಕೆ ಬಿದ್ದರೇನು ಎಂದು ಪಂಚಾಂಗದಲ್ಲಿ ಪಟ್ಟಿ ಹಾಕಿದ ಪೂರ್ವಾಚಾರ್ಯರು, ಅದು ಸೂಜಿಯ ಮೂಲಕ ಹೊಟ್ಟೆಗಿಳಿದರೆ ಫಲವೇನೆಂದು ಮಾತ್ರ ಬರೆಯದೆ ಹೋದರು. ಆ ಲೋಪವನ್ನು ತುಂಬುವುದೇ ಈ ಪ್ರಬಂಧದ ಪ್ರಯೋಜನ. ಭಾಷ್ಯಕಾರನ ಅರ್ಹತೆ: ವಯಸ್ಸು 48, ಪ್ಯಾಂಟಿನ ಸೊಂಟ 40, ವಾಸ ಬಳ್ಳಾರಿ.

ಅಮೆರಿಕದ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯುಂಟು. ಅದರ ಜೊಲ್ಲಿನಲ್ಲಿ ಸಿಕ್ಕ ಪೆಪ್ಟೈಡಿನ ತದ್ರೂಪವೇ 2005ರಲ್ಲಿ ಅಲ್ಲಿ ಸಕ್ಕರೆ ಕಾಯಿಲೆಯ ಮದ್ದಾದ ಎಕ್ಸೆನಟೈಡ್. ಉಂಡಾಗ ನಮ್ಮ ಕರುಳೂ ಅಂಥದೊಂದನ್ನು ಸುರಿಸಿ 'ಸಾಕಪ್ಪಾ' ಅನ್ನುತ್ತದೆ. ದುರದೃಷ್ಟ, ಒಂದೆರಡು ನಿಮಿಷದಲ್ಲೇ ಅದರ ಅರ್ಧ ಕರಗಿಹೋಗುತ್ತದೆ. ಸಿರುಗುಪ್ಪದ ಅತ್ತೆಯವರು ಸೋನಾಮಸೂರಿ ಅನ್ನದ ಸೌಟು ಹಿಡಿದು ಕಾಯುವುದೂ ಆ ಎರಡೇ ನಿಮಿಷ. "ಇನ್ನೊಂಚೂರು ಹಾಕಿಸ್ಕೊಳ್ರಿ ಅಳಿಯಂದ್ರೇ, ಏನೂ ಉಂಡೇ ಇಲ್ಲ ನೀವು." ಕರುಳಿನ ಆ ಮಾತನ್ನು ವಾರವಿಡೀ ಉಳಿಯುವಂತೆ ತಿದ್ದಿದ್ದು ಸೆಮಗ್ಲುಟೈಡ್. ಇದೇ ಬಳಗದ ವಾರದ ಸೂಜಿಗಳಾದ ಮೌಂಜಾರೋ 2025ರ ಮಾರ್ಚಿನಲ್ಲಿ, ವಿಗೋವಿ ಜೂನಿನಲ್ಲಿ ಭಾರತಕ್ಕೆ ಬಂದ ಮೇಲೆ ನಮ್ಮೂರ ಮಿರ್ಚಿ ಬಂಡಿಯ ಮುಂದೂ, ಮಿರ್ಚಿ ಕೈಯಲ್ಲಿರುವಾಗಲೇ, ಇದೇ ಚರ್ಚೆ.

ಈಗ ಅಧಿಕಾರಿ ಯಾರೆಂಬ ಪ್ರಶ್ನೆ. (ತಹಸೀಲ್ದಾರರಲ್ಲ; ಶಾಸ್ತ್ರದಲ್ಲಿ ಅರ್ಹನೆಂದರ್ಥ.) ಸಕ್ಕರೆ ಕಾಯಿಲೆಯೋ ಮಿತಿಮೀರಿದ ತೂಕವೋ ಇದ್ದು, ಡಾಕ್ಟರು ಪರೀಕ್ಷಿಸಿ ಬರೆದುಕೊಟ್ಟವನು ಅಧಿಕಾರಿ. ಮನೆತನದಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದವನು ಅಲ್ಲ. ಮಗಳ ಮದುವೆಯ ಫೋಟೋಕ್ಕಾಗಿ ಬಂದವನಿಗೆ ಎಚ್ಚರಿಕೆ: ವಾಕರಿಕೆ ಸಾಮಾನ್ಯ, ಕೊಬ್ಬಿನ ಜೊತೆ ಸ್ನಾಯುವೂ ಇಳಿಯುತ್ತದೆ, ಮದ್ದು ಬಿಟ್ಟರೆ ತೂಕ ಬಹುಮಟ್ಟಿಗೆ ಮರಳುತ್ತದೆ. ಬೀಗರಂತೆ, ಬಳಗ ಸಮೇತ.

ಜಿಮ್ಮಿನ ಗೆಳೆಯ ತೋರಿಸಿದ ಸೀಸೆ ಬೇರೆ ಜಾತಿಯ ಪೆಪ್ಟೈಡಿನದು: ಬಿಪಿಸಿ-157. ಮೊಣಕಾಲು ನೋವಿಗಂತೆ. ಪ್ರತ್ಯಕ್ಷ ಪ್ರಮಾಣ: ಇಲಿ. ಅನುಮಾನ ಪ್ರಮಾಣ: ನಾವೂ ಒಂದು ಬಗೆಯ ಇಲಿ. ಶಬ್ದ ಪ್ರಮಾಣ: ಜಿಮ್ ಮಾಸ್ತರು. ಕ್ರೀಡಾಪಟುಗಳಿಗೆ 2022ರಿಂದ ಇದು ನಿಷಿದ್ಧ. ಸೀಸೆಯ ಮೇಲೆ ಇರುವೆಯಕ್ಷರದಲ್ಲಿ 'ಸಂಶೋಧನೆಗೆ ಮಾತ್ರ' ಎಂದಿತ್ತು. "ಮತ್ತ ನಾವೇನು ಮಾಡಾಕತ್ತೀವಿ?" ಎಂದ ಗೆಳೆಯ.

ಇದೆಲ್ಲ ನಮಗೆ ಹೊಸತು ಎಂಬ ಪೂರ್ವಪಕ್ಷ ನಿಲ್ಲದು. ಕುರುಗೋಡಿನ ದೊಡ್ಡಮ್ಮನ ಎಮ್ಮೆ ನಮಗಿಂತ ಮೂವತ್ತು ವರ್ಷ ಮೊದಲೇ ಪೆಪ್ಟೈಡ್ ಚಿಕಿತ್ಸೆ ಕಂಡಿತ್ತು. ಹಾಲಿಳಿಸಲು ಚುಚ್ಚುತ್ತಿದ್ದ ಆಕ್ಸಿಟೋಸಿನ್ ಒಂಬತ್ತೇ ಅಮೈನೋ ಆಮ್ಲಗಳ ಪೆಪ್ಟೈಡು. ಈ ದುರುಪಯೋಗ ತಡೆಯಲೆಂದು 2018ರಲ್ಲಿ ಕೇಂದ್ರವು ಅದರ ತಯಾರಿಕೆಯನ್ನು ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಕಂಪನಿಯೊಂದಕ್ಕೇ ಬಿಡಲು ಹೊರಟಿತು. ಹೆರಿಗೆ ರಕ್ತಸ್ರಾವಕ್ಕೆ ಬೇಕಾದ ಮದ್ದೂ ಅದೇ ಆದ್ದರಿಂದ ದೆಹಲಿ ಹೈಕೋರ್ಟು ಆ ಡಿಸೆಂಬರಿನಲ್ಲೇ ಆದೇಶವನ್ನು ಹೊಡೆದುಹಾಕಿತು. ನಿನಗಿದು ಒಗ್ಗುತ್ತದೆಯೇ ಎಂದು ಎಮ್ಮೆಯನ್ನು ಯಾರೂ ಕೇಳಿರಲಿಲ್ಲ. ಸೂಜಿ ಕಂಡೊಡನೆ ಅದೇ ಹಿಂಗಾಲೆತ್ತಿ ಭಿನ್ನಮತ ದಾಖಲಿಸುತ್ತಿತ್ತು. ಚೊಂಬಿನ ತಗ್ಗು ಇನ್ನೂ ಇದೆ.

ಇಷ್ಟನ್ನೂ ಮನೆಯಲ್ಲಿ ಮಂಡಿಸಿ, "ಸೂಜಿ ಬ್ಯಾಡ. ಸೋಮವಾರದಿಂದ ರಾತ್ರಿ ಅನ್ನ ಬಂದ್, ಕೋಟೆ ಗುಡ್ಡದ ಕಡಿ ವಾಕಿಂಗು" ಎಂದೆ. ಆಡಿದ್ದು ನಿಜವಾದರೆ ಹಲ್ಲಿ ಲೊಚಗುಟ್ಟಬೇಕಷ್ಟೆ. ಮನೆಯಾಕೆ ನೆಲಕ್ಕೆ ಬೆರಳು ಬಡಿದು 'ಕೃಷ್ಣ ಕೃಷ್ಣ' ಅನ್ನಲು ಸಿದ್ಧಳಾಗಿ ಗೋಡೆ ನೋಡಿದಳು. ಟ್ಯೂಬ್‌ಲೈಟಿನ ಪಕ್ಕದಲ್ಲೇ ಇತ್ತು. ಒಂದು ಹುಳ ನುಂಗಿ ಸುಮ್ಮನಾಯಿತು.